ಗಾಡಿಯ ಗಂಟಲು



ವಿಜಯದಶಮಿಯ ಸಂಜೆ ಕೊಲ್ಹಾಪುರದ ದಸರಾ ಚೌಕಕ್ಕೆ ನೀವು ಹೋಗಿದ್ದರೆ ಆ ಕೇಸರಿ ಬಣ್ಣದ ದೊಡ್ಡ ಮೋಟಾರನ್ನು ನೋಡಿಯೇ ಇರುತ್ತೀರಿ. ಶಮೀಪೂಜೆಗೆ ಛತ್ರಪತಿಗಳ ಮನೆತನದವರು ಬರುವುದು ಆ ಗಾಡಿಯಲ್ಲಿ. 1922ರಿಂದ 1940ರವರೆಗೆ ಆಳಿದ ರಾಜಾರಾಮ ಮಹಾರಾಜರು 1930ರ ದಶಕದಲ್ಲಿ ಜರ್ಮನಿಯಿಂದ ತರಿಸಿದ ಮೇಬ್ಯಾಕ್ ಕಾರು ಅದು. ಬಂದ ಜನ ಅದರ ಬಣ್ಣ ನೋಡುತ್ತಾರೆ, ಉದ್ದ ನೋಡುತ್ತಾರೆ, ದೊಡ್ಡ ದೀಪಗಳನ್ನು ನೋಡುತ್ತಾರೆ. ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡವರು ಮಾತ್ರ ಕಿವಿಗೊಟ್ಟು ಬೇರೆ ಏನನ್ನೋ ಕೇಳುತ್ತಾರೆ. ಸುತ್ತಲೂ ಸಾವಿರಾರು ಜನ; ಗಾಡಿ ಮನುಷ್ಯನ ನಡಿಗೆಗಿಂತಲೂ ಮೆಲ್ಲಗೆ ಸಾಗಬೇಕು. ಎಂಜಿನು ಆರಿಹೋಗಬಾರದು, ಹಾಗಂತ ರೇಸ್ ಆಗಿ ಮುಂದಕ್ಕೆ ನುಗ್ಗಲೂ ಬಾರದು. ಗಂಟೆಗೆ ನೂರು ಮೈಲಿ ಓಡಬಲ್ಲ ಗಾಡಿಗೆ ಓಡುವುದು ಕಷ್ಟವಲ್ಲ. ಹೀಗೆ ನಿಂತಲ್ಲೇ ಸಣ್ಣಗೆ ಉಸಿರಾಡುತ್ತ ಇರುವುದೇ ಕಷ್ಟ.

ಈ ಸಣ್ಣ ಉಸಿರಿಗೆ ನಮ್ಮ ಮಿಸ್ತ್ರಿಗಳು 'ಸ್ಲೋ' ಎನ್ನುತ್ತಾರೆ, ಕೆಲವರು 'ಐಡ್ಲಿಂಗ್' ಎನ್ನುತ್ತಾರೆ. ಹಳೆಯ ಗಾಡಿಗಳ ಸ್ಲೋ ಯಾಕೆ ಏರುತ್ತದೆ, ಎಕ್ಸಿಲರೇಟರಿನಿಂದ ಕಾಲು ತೆಗೆದರೂ ಎಂಜಿನು ಯಾಕೆ ಇಳಿಯುವುದಿಲ್ಲ ಎಂಬುದು ಈ ಬರಹದ ವಿಷಯ. ಇದು ಇತಿಹಾಸದ ಪುಟವೋ ರಿಪೇರಿಯ ಪಾಠವೋ ಎಂದು ನೀವು ಕೇಳಬಹುದು. ಎರಡೂ ಹೌದು. ಗಾಡಿಯ ಆ ಭಾಗ ಹುಟ್ಟಿದ ರೀತಿ ತಿಳಿಯದೆ ಅದರ ರೋಗ ತಿಳಿಯುವುದಿಲ್ಲ.

ಮೊದಲು ಆ ಮೇಬ್ಯಾಕ್ ಹೆಸರನ್ನೇ ಹಿಡಿಯೋಣ. ವಿಲ್ಹೆಲ್ಮ್ ಮೇಬ್ಯಾಕ್ 1846ರಲ್ಲಿ ಜರ್ಮನಿಯ ಹೈಲ್‌ಬ್ರಾನ್ ಊರಿನಲ್ಲಿ ಹುಟ್ಟಿದವನು. ಹತ್ತು ವರ್ಷಕ್ಕೆ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡು ರಾಯ್ಟ್‌ಲಿಂಗೆನ್ ಎಂಬಲ್ಲಿ ಒಂದು ಅನಾಥಾಶ್ರಮದಲ್ಲಿ ಬೆಳೆದ. ಅಲ್ಲಿನ ಕಾರ್ಯಾಗಾರಕ್ಕೆ ಬಂದ ಗಾಟ್‌ಲೀಬ್ ಡೈಮ್ಲರ್ ಈ ಹುಡುಗನ ಕೈಗುಣ ಕಂಡು ಜೊತೆಗೆ ಸೇರಿಸಿಕೊಂಡ. ಆ ಜೋಡಿ ಮುಂದೆ ಏನು ಮಾಡಿತೆಂಬುದು ಲೋಕಕ್ಕೇ ಗೊತ್ತು. ಆ ಕಾಲದ ಎಂಜಿನುಗಳಿಗೆ ಪೆಟ್ರೋಲು ಕುಡಿಸುವುದೇ ದೊಡ್ಡ ತಲೆನೋವಾಗಿತ್ತು. ಪೆಟ್ರೋಲು ದ್ರವ, ಎಂಜಿನಿಗೆ ಬೇಕಾದದ್ದು ಗಾಳಿಯೊಡನೆ ಬೆರೆತ ಆವಿ. ಡಬ್ಬಿಯಲ್ಲಿ ಪೆಟ್ರೋಲು ಇಟ್ಟು ಅದರ ಮೇಲೆ ಗಾಳಿ ಹಾಯಿಸಿ, ತಾನಾಗಿ ಎದ್ದ ಆವಿಯನ್ನು ಎಳೆದುಕೊಳ್ಳುವ ಏರ್ಪಾಡು ಆಗ ರೂಢಿಯಲ್ಲಿತ್ತು. ಬಿಸಿಲಿದ್ದರೆ ಆವಿ ಹೆಚ್ಚು, ಚಳಿಯಿದ್ದರೆ ಕಡಿಮೆ. ಹೀಗಾದರೆ ಸ್ಥಿರವಾದ ಓಟ ಎಲ್ಲಿಂದ ಬಂದೀತು?

1893ರಲ್ಲಿ ಮೇಬ್ಯಾಕ್ ಬೇರೆ ದಾರಿ ಹಿಡಿದ. ತೇಲುಬುಂಡೆ ಇರುವ ಪುಟ್ಟ ತೊಟ್ಟಿಯೊಂದರಲ್ಲಿ ಪೆಟ್ರೋಲು ಸದಾ ಒಂದೇ ಮಟ್ಟದಲ್ಲಿ ನಿಲ್ಲುವಂತೆ ಮಾಡಿದ. ಅಲ್ಲಿಂದ ಸೂಜಿರಂಧ್ರದಂಥ ಒಂದು ನಳಿಕೆಯನ್ನು ಗಾಳಿ ಹೋಗುವ ಕೊಳವೆಯೊಳಕ್ಕೆ ತಂದ. ಎಂಜಿನು ಗಾಳಿಯನ್ನು ಎಳೆದಾಗ ಆ ಗಾಳಿಯ ವೇಗವೇ ನಳಿಕೆಯಿಂದ ಪೆಟ್ರೋಲನ್ನು ಹೀರಿ ತುಂತುರು ಮಾಡಿತು. ಅತ್ತರಿನ ಪಿಚಕಾರಿ ಮಾಡುವುದೂ ಇದೇ ಕೆಲಸ. ಅದೇ ವರ್ಷ ಹಂಗೇರಿಯ ಡೊನಾತ್ ಬಾಂಕಿ ಮತ್ತು ಯಾನೋಶ್ ಚೋಂಕಾ ಎಂಬಿಬ್ಬರೂ ಇಂಥದೇ ಸಾಧನಕ್ಕೆ ಪೇಟೆಂಟ್ ಪಡೆದರು. ಯಾರು ಮೊದಲೆಂಬ ಜಗಳ ನಮಗೆ ಬೇಡ. ನೂರು ವರ್ಷ ಲೋಕದ ಪೆಟ್ರೋಲ್ ಗಾಡಿಗಳೆಲ್ಲ ಉಸಿರಾಡಿದ್ದು ಈ ಬಗೆಯ ಕಾರ್ಬ್ಯುರೇಟರಿನಿಂದ. ಮೇಬ್ಯಾಕ್ ತನ್ನ ಮಗ ಕಾರ್ಲ್‌ನೊಡನೆ 1909ರಲ್ಲಿ ಸೇರಿದ್ದು ಮೋಟಾರು ಕಾರಿಗಲ್ಲ, ಜೆಪ್ಪೆಲಿನ್ ಎಂಬ ಆಕಾಶನೌಕೆಯ ಎಂಜಿನುಗಳಿಗೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಅದೇ ಕಾರ್ಖಾನೆ ಕಾರುಗಳನ್ನು ಮಾಡಿತು. ಆ ಕಾರುಗಳಲ್ಲೊಂದು ಕೊಲ್ಹಾಪುರಕ್ಕೆ ಬಂತು.

ಈಗ ಆ ಕೊಳವೆಯ ಒಳಗೆ ನೋಡೋಣ. ಈ ಪುಟದಲ್ಲಿ ಚಿತ್ರವಿಲ್ಲ; ಎಡಗೈಯನ್ನೇ ಮುಷ್ಟಿ ಮಾಡಿ ನಡುವೆ ಒಂದು ರೂಪಾಯಿ ಹಿಡಿಸುವಷ್ಟು ತೂತು ಬಿಡಿ. ಅದು ಗಾಳಿಯ ದಾರಿ. ಅದರೊಳಗೆ ರೂಪಾಯಿಯಂಥ ತೆಳ್ಳನೆಯ ಹಿತ್ತಾಳೆ ತಗಡು; ತಗಡಿನ ನಡುವೆ ಅಡ್ಡಲಾಗಿ ಒಂದು ಸರಳು. ಸರಳು ತಿರುಗಿದರೆ ತಗಡು ನೆಟ್ಟಗಾಗಿ ದಾರಿ ತೆರೆಯುತ್ತದೆ, ಮತ್ತೆ ತಿರುಗಿದರೆ ಅಡ್ಡವಾಗಿ ಮುಚ್ಚುತ್ತದೆ. ಇದನ್ನು ಥ್ರಾಟಲ್ ಎನ್ನುತ್ತಾರೆ, ಗ್ಯಾರೇಜಿನಲ್ಲಿ ಬಟರ್‌ಫ್ಲೈ ಎಂಬ ಹೆಸರೇ ಹೆಚ್ಚು. ಇಂಗ್ಲಿಷಿನಲ್ಲಿ ಥ್ರಾಟಲ್ ಎಂದರೆ ಗಂಟಲು ಹಿಸುಕುವುದು, ಚೋಕ್ ಎಂದರೂ ಉಸಿರು ಕಟ್ಟಿಸುವುದು. ಎರಡು ತಗಡು, ಎರಡಕ್ಕೂ ಕೊರಳು ಹಿಸುಕುವ ಹೆಸರು. ಹೆಸರಿಟ್ಟವರು ಸುಳ್ಳು ಹೇಳಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಎಕ್ಸಿಲರೇಟರನ್ನು ಒತ್ತಿದರೆ ಪೆಟ್ರೋಲು ಹೆಚ್ಚು ಹೋಗುತ್ತದೆ ಎಂದು ಹತ್ತರಲ್ಲಿ ಒಂಬತ್ತು ಮಂದಿ ತಿಳಿದಿದ್ದಾರೆ. ಹಾಗಲ್ಲ. ನಿಮ್ಮ ಕಾಲು ತೆರೆಯುವುದು ಗಾಳಿಯ ದಾರಿಯನ್ನು. ಪೆಟ್ರೋಲು ಗಾಳಿಯ ಬೆನ್ನು ಹತ್ತಿ ತಾನೇ ಬರುತ್ತದೆ. ಆದ್ದರಿಂದ ಕಾಲು ತೆಗೆದ ಮೇಲೂ ಎಂಜಿನು ರೇಸ್ ಆಗುತ್ತಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ 'ಗಾಳಿ ಎಲ್ಲಿಂದ ಬರುತ್ತಿದೆ' ಎಂಬುದು. ಈ ಪ್ರಶ್ನೆ ಕೇಳದವನು ಸ್ಕ್ರೂಡ್ರೈವರ್ ಹಿಡಿದು ದಿನವಿಡೀ ತಿರುಗಿಸಿದರೂ ಗಾಡಿ ಸರಿಹೋಗದು.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಕೇಳುವ ರೂಢಿ ತಡವಾಗಿ ಬಂದದ್ದಕ್ಕೆ ಕಾರಣವೂ ಇದೆ ಎಂದು ನನಗೆ ಅನ್ನಿಸುತ್ತದೆ. ಕೊಲ್ಹಾಪುರದ ಮಿಸ್ತ್ರಿಗಳು ಕಾರಿನಿಂದ ಎಂಜಿನು ಕಲಿತವರಲ್ಲ. ಇದು ಕಬ್ಬಿನ ಸೀಮೆ, ಬೆಲ್ಲದ ಸೀಮೆ. ಪಂಚಗಂಗೆ, ದೂಧಗಂಗೆ, ಹಿರಣ್ಯಕೇಶಿಯ ದಂಡೆಗಳಲ್ಲಿ ನೀರೆತ್ತಲು, ಗಾಣ ತಿರುಗಿಸಲು ಆಯಿಲ್ ಎಂಜಿನು ಬೇಕಾಯಿತು. ಶಿವಾಜಿ ಉದ್ಯಮನಗರದ ಲೇತುಗಳೂ ಫೌಂಡ್ರಿಗಳೂ ಬೆಳೆದದ್ದು ಅದರ ಬೆನ್ನಿಗೆ. ಇಚಲಕರಂಜಿಯಲ್ಲಿ 1904ರಷ್ಟು ಹಿಂದೆಯೇ ವಿಠ್ಠಲರಾವ್ ದಾತಾರರು ಮೊದಲ ಪವರ್‌ಲೂಮ್ ಹಾಕಿದರು. ಅಲ್ಲಿನ ಜಹಗೀರುದಾರ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರ ಬೆಂಬಲ ಅದಕ್ಕಿತ್ತು. ಮಗ್ಗಕ್ಕೂ ಸ್ಥಿರವಾದ ಓಟವೇ ಬೇಕು. ಓಟ ಏರಿಳಿದರೆ ಎಳೆ ಹರಿಯುತ್ತದೆ. ಕೊಲ್ಹಾಪುರದ ಬಾಬೂರಾವ್ ಪೇಂಟರ್ 1918ರಲ್ಲಿ ಸ್ವಂತ ಸಿನಿಮಾ ಕ್ಯಾಮೆರಾ ತಯಾರಿಸಿದಾಗಲೂ ಬಿಡಿಭಾಗಗಳು ಕಡೆದದ್ದು ಲೇತಿನ ಮೇಲೆ. ಅದರ ಹಿಡಿಕೆಯನ್ನೂ ಒಂದೇ ಲಯದಲ್ಲಿ ತಿರುಗಿಸಬೇಕಿತ್ತು. ಒಟ್ಟಿನಲ್ಲಿ ಸಮನಾದ ಓಟದ ಬೆಲೆ ಈ ಊರಿಗೆ ಮೊದಲೇ ಗೊತ್ತಿತ್ತು.

ಆದರೆ ಆಯಿಲ್ ಎಂಜಿನಿನ ನ್ಯಾಯ ಬೇರೆ. ಅದರಲ್ಲಿ ಗಾಳಿಗೆ ತಡೆ ಇಲ್ಲ, ಬೇಕಾದಷ್ಟು ಒಳಬರುತ್ತದೆ. ಓಟವನ್ನು ಹಿಡಿದಿಡುವುದು ಗವರ್ನರ್. ಜೇಮ್ಸ್ ವ್ಯಾಟ್ 1788ರಲ್ಲಿ ಉಗಿ ಎಂಜಿನಿಗೆ ಜೋಡಿಸಿದ ಎರಡು ತೂಗುಗುಂಡುಗಳ ವಂಶದ್ದೇ ಅದು. ಓಟ ಹೆಚ್ಚಿದರೆ ಗುಂಡುಗಳು ಅಗಲವಾಗಿ ಹರಡುತ್ತವೆ, ಎಣ್ಣೆ ಕಡಿಮೆಯಾಗುತ್ತದೆ. ಆಯಿಲ್ ಎಂಜಿನು ರೇಸ್ ಆದರೆ ಮಿಸ್ತ್ರಿ ಎಣ್ಣೆಯ ಕಡೆಗೆ ನೋಡುತ್ತಾನೆ, ನೋಡಬೇಕಾದದ್ದೂ ಅದನ್ನೇ. ಅದೇ ಕಣ್ಣಿನಿಂದ ಪೆಟ್ರೋಲ್ ಕಾರನ್ನು ನೋಡಿದರೆ ದಾರಿ ತಪ್ಪುತ್ತದೆ. ಜೆಟ್ ಬಿಚ್ಚುತ್ತಾನೆ, ಪಂಪು ಬಿಚ್ಚುತ್ತಾನೆ, ತೇಲುಬುಂಡೆಯ ಸೂಜಿ ಬದಲಿಸುತ್ತಾನೆ. ಗಾಳಿ ಮಾತ್ರ ಎಲ್ಲಿಂದಲೋ ನುಗ್ಗುತ್ತಲೇ ಇರುತ್ತದೆ.

ಕಾರುಗಳು ಸಾಮಾನ್ಯ ಜನರ ಬಾಗಿಲಿಗೆ ಬಂದದ್ದು ಸ್ವಾತಂತ್ರ್ಯದ ಮೇಲೆ. ಡಾಕ್ಟರು, ವಕೀಲರು, ಕಾರ್ಖಾನೆಯ ಚೇರ್ಮನ್ನರು, ಹೊಗೆಸೊಪ್ಪಿನ ವ್ಯಾಪಾರಿಗಳು ಇವರ ಮನೆ ಮುಂದೆ ಒಂದು ಅಂಬಾಸಿಡರ್ ಅಥವಾ ಒಂದು ಫಿಯಟ್. 1983ರಲ್ಲಿ ಮಾರುತಿ ಬರುವವರೆಗೆ ದೇಶದ ಆಯ್ಕೆ ಹೆಚ್ಚುಕಡಿಮೆ ಇಷ್ಟೇ. ಮೂರನೆಯದಾಗಿ ಮದ್ರಾಸಿನ ಸ್ಟ್ಯಾಂಡರ್ಡ್. ಉತ್ತರಪಾಡಾದ ಅಂಬಾಸಿಡರ್ 1958ರಲ್ಲಿ ಹುಟ್ಟಿ 2014ರವರೆಗೆ ಬದುಕಿತು. ಮುಂಬಯಿಯ ಫಿಯಟ್ 1100, 1974ರಿಂದ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಿನಲ್ಲಿ ಓಡಿತು. ಅದರ ಎಂಜಿನು 1089 ಸಿ.ಸಿ., ಮೇಲೆ ಕೂತದ್ದು ಸೊಲೆಕ್ಸ್ ಕಾರ್ಬ್ಯುರೇಟರ್. ಫ್ರಾನ್ಸಿನ ಗೂದಾರ್ ಮತ್ತು ಮೆನೆಸೋನ್ ಎಂಬ ಇಬ್ಬರು ಗೆಳೆಯರು ಹುಟ್ಟುಹಾಕಿದ ಹೆಸರು ಸೊಲೆಕ್ಸ್. ಇಂಗ್ಲೆಂಡಿನ ಮಾರಿಸ್ ಗಾಡಿಗಳಿಗೆ ಎಸ್.ಯು. ಎಂಬ ಇನ್ನೊಂದು ಜಾತಿಯ ಕಾರ್ಬ್ಯುರೇಟರ್ ಬರುತ್ತಿತ್ತು. ಅದನ್ನು ಕಂಡುಹಿಡಿದ ಸ್ಕಿನ್ನರ್ ಸಹೋದರರದು ಚಪ್ಪಲಿ ವ್ಯಾಪಾರದ ಮನೆತನ; ಮೊದಮೊದಲಿನ ಎಸ್.ಯು. ಒಳಗೆ ಗಾಳಿಗೆ ತಕ್ಕಂತೆ ಉಬ್ಬಿ ಇಳಿಯುವ ತೊಗಲಿನ ತಿದಿಯೇ ಇತ್ತು. ಚಪ್ಪಲಿಗೆ ಹೆಸರಾದ ಕೊಲ್ಹಾಪುರದಲ್ಲಿ ಕೂತು ಈ ಮಾತು ಬರೆಯುವಾಗ ಒಂದಿಷ್ಟು ಖುಷಿಯೇ ಆಗುತ್ತದೆ.

ಮೂವತ್ತು ವರ್ಷ ಅದೇ ಗಾಡಿ, ಅದೇ ಕಾರ್ಬ್ಯುರೇಟರ್. ಇದರಿಂದ ಗಿರಾಕಿಗೆ ನಷ್ಟವಾಗಿರಬಹುದು, ಮಿಸ್ತ್ರಿಗೆ ಲಾಭವಾಯಿತು. ಒಂದೇ ಪುಸ್ತಕವನ್ನು ಮೂವತ್ತು ವರ್ಷ ಓದಿದವನಿಗೆ ಅದರ ಒಂದೊಂದು ಸಾಲೂ ಬಾಯಿಪಾಠ. ಹೊಸ ಭಾಗ ಸಿಗದಿದ್ದರೆ ಲೇತಿನ ಮೇಲೆ ಕಡೆದುಕೊಂಡ. ಇದರ ಫಲ ನಾನು ಗಡಹಿಂಗ್ಲಜದಲ್ಲಿ ಒಮ್ಮೆ ಕಂಡೆ. ಪರಿಚಯದ ಮಾಸ್ತರೊಬ್ಬರ ಹಳೆಯ ಗಾಡಿ ನಿಂತಲ್ಲಿ ಒಂದೇ ಸಮನೆ ಒದರುತ್ತಿತ್ತು. ಅವರು ಅದನ್ನು ಗ್ಯಾರೇಜಿಗೆ ತಂದು ವಯಸ್ಸಾದ ಮಿಸ್ತ್ರಿಯ ಮುಂದೆ ನಿಲ್ಲಿಸಿದರು.

"ಮಾಮಾ, ಸ್ಲೋ ಸ್ಕ್ರೂ ಪೂರಾ ಹೊರಗ ತಗದೇನಿ. ಆದ್ರೂ ರೇಸ್ ಇಳೀವಲ್ದು ನೋಡ್ರಿ."

"ಸ್ಕ್ರೂ ಯಾಕ ಮುಟ್ಟಿದ್ರಿ ಮಾಸ್ತರ? ಜ್ವರ ಬಂದ್ರ ಥರ್ಮಾಮೀಟರ್ ತಿರುವತೀರೇನು?" ಎಂದ ಮಿಸ್ತ್ರಿ. ಪಾನಾ ಇನ್ನೂ ಕೈಗೆ ತೆಗೆದುಕೊಂಡಿರಲಿಲ್ಲ. ಬಾನೆಟ್ ಎತ್ತಿ, ಕಾರ್ಬ್ಯುರೇಟರಿನ ಬದಿಗೆ ಬಗ್ಗಿ ಒಂದೇ ಒಂದು ಕಡೆ ನೋಡಿದ.

ಅವನು ನೋಡಿದ ಜಾಗವನ್ನು ನೀವೂ ತಿಳಿದಿರಬೇಕು. ಬಟರ್‌ಫ್ಲೈಯ ಸರಳಿನ ತುದಿಗೆ ಒಂದು ತೋಳು ಇರುತ್ತದೆ. ಕಾಲು ತೆಗೆದಾಗ ಆ ತೋಳು ಹಿಂದಕ್ಕೆ ಬಂದು ಸ್ಲೋ ಸ್ಕ್ರೂವಿನ ಮೂತಿಗೆ ತಾಗಿ ನಿಲ್ಲಬೇಕು. ತಾಗಿದೆಯೋ ಇಲ್ಲವೋ? ಇಡೀ ರೋಗ ಇಲ್ಲಿ ಎರಡು ಕವಲಾಗುತ್ತದೆ.

ತಾಗಿಲ್ಲ ಎಂದರೆ ಯಾವುದೋ ಒಂದು ವಸ್ತು ಬಟರ್‌ಫ್ಲೈಯನ್ನು ಹಿಡಿದುಕೊಂಡಿದೆ. ಎಂಜಿನು ಆರಿಸಿ, ಪೆಡಲಿನಿಂದ ಬರುವ ಸರಳನ್ನೋ ಕೇಬಲನ್ನೋ ತೋಳಿನಿಂದ ಬಿಡಿಸಿ. ತೋಳು ತಟ್ಟನೆ ಹಿಂದಕ್ಕೆ ಬಂದರೆ ತಪ್ಪು ಕಾರ್ಬ್ಯುರೇಟರಿನದಲ್ಲ, ಪೆಡಲಿನ ಕಡೆಯದು. ಮಡಿಚಿ ಸಿಕ್ಕಿಕೊಂಡ ಚಾಪೆ, ಪೆಡಲಿನ ಕೀಲಿಗೆ ಗಟ್ಟಿಯಾಗಿ ಹಿಡಿದ ಕೆಸರು, ಒಳಗೆ ಎಳೆ ಬಿಚ್ಚಿಕೊಂಡ ಕೇಬಲು, ಆಜರಾ ಆಂಬೋಲಿ ಕಡೆಯ ಮಳೆಯಲ್ಲಿ ತುಕ್ಕು ಹಿಡಿದ ಅದರ ಕವಚ, ಸೊರಗಿದ ಸ್ಪ್ರಿಂಗು. ಸರಳು ಬಿಡಿಸಿದರೂ ತೋಳು ಬರದಿದ್ದರೆ ಚೋಕ್ ನೋಡಿ. ತಣ್ಣಗಿನ ಎಂಜಿನಿಗೆ ಚೋಕ್ ಎಳೆದಾಗ ಬಟರ್‌ಫ್ಲೈಯೂ ಕೂದಲೆಳೆಯಷ್ಟು ತೆರೆಯುವಂತೆ ಒಂದು ಕೊಂಡಿ ಇರುತ್ತದೆ. ಡ್ಯಾಶ್‌ಬೋರ್ಡಿನ ಗುಂಡಿ ಪೂರ್ತಿ ಒಳಗೆ ಹೋದರೂ ಕೇಬಲಿನ ಆ ತುದಿ ಬಂದಿರುವುದಿಲ್ಲ. ಎಂಜಿನು ಕಾದ ಮೇಲೂ ಬಟರ್‌ಫ್ಲೈ ಓರೆಯಾಗಿಯೇ ಇರುತ್ತದೆ. ಇದೂ ಅಲ್ಲದಿದ್ದರೆ ತಗಡಿನ ಅಂಚಿನಲ್ಲಿ ಕಪ್ಪು ಅಂಟು. ಹಳೆಯ ಪೆಟ್ರೋಲಿನ ಜಿಡ್ಡು, ಎಂಜಿನಿನ ಹೊಗೆ, ಬೆಲ್ಲದ ಹಂಗಾಮಿನ ಮಸಿ, ರಸ್ತೆಯ ಧೂಳು ಎಲ್ಲ ಸೇರಿ ಅದು ಅರಗಿನಂತೆ ಕೂತಿರುತ್ತದೆ. ತಣ್ಣಗಿನ ಎಂಜಿನಿನ ಮೇಲೆ ಕಾರ್ಬ್ಯುರೇಟರ್ ಕ್ಲೀನರು, ಹಳೆಯ ಹಲ್ಲುಜ್ಜುವ ಬ್ರಷ್ಷು, ಇಷ್ಟು ಸಾಕು. ಜೆಟ್ಟಿನ ರಂಧ್ರಕ್ಕೆ ತಂತಿ ಹಾಕುವ ಚಟ ಮಾತ್ರ ಬೇಡ. ರಂಧ್ರ ಒಂದು ಕೂದಲು ಹಿಗ್ಗಿದರೂ ಅದರ ಲೆಕ್ಕ ಹೋಯಿತು.

ಮಾಸ್ತರ ಗಾಡಿಯಲ್ಲಿ ತೋಳು ಸ್ಕ್ರೂವಿಗೆ ತಾಗಿಯೇ ಇತ್ತು. ಅಂದರೆ ಎರಡನೆಯ ಕವಲು. ಬಾಗಿಲು ಮುಚ್ಚಿದೆ, ಆದರೂ ಗಾಳಿ ಬರುತ್ತಿದೆ. ಹಾಗಾದರೆ ಗೋಡೆಯಲ್ಲೇ ಬಿರುಕು. ಮಿಸ್ತ್ರಿ ಎಂಜಿನು ಚಾಲೂ ಮಾಡಿಸಿ, ಒಂದು ಬಾಟಲಿಯಿಂದ ಸಾಬೂನು ನೀರನ್ನು ಕಾರ್ಬ್ಯುರೇಟರಿನ ಬುಡಕ್ಕೆ ಸಣ್ಣಗೆ ಚಿಮುಕಿಸಿದ. ಚಿಮುಕಿಸಿದ ಗಳಿಗೆಗೆ ಎಂಜಿನಿನ ದನಿ ಬದಲಾಯಿತು. ಅಲ್ಲಿಂದಲೇ ಕಳ್ಳಗಾಳಿ. ಕೆಲವರು ಈ ಪರೀಕ್ಷೆಯನ್ನು ಪೆಟ್ರೋಲಿನಿಂದ ಮಾಡುತ್ತಾರೆ. ಓದುಗರೇ, ಕಾದ ಎಂಜಿನಿನ ಮೇಲೆ ಪೆಟ್ರೋಲು ಎಂದರೆ ಚಿತೆಗೆ ಕಿಡಿ. ಎಷ್ಟೇ ದೊಡ್ಡ ಮಿಸ್ತ್ರಿ ಹೇಳಿದರೂ ಮಾಡಬೇಡಿ.

ಬಿಚ್ಚಿ ನೋಡಿದಾಗ ಕಾರಣ ಸ್ಪಷ್ಟವಾಯಿತು. ಹಿಂದೆ ಯಾರೋ ಬುಡದ ಎರಡು ನಟ್ಟುಗಳನ್ನು ಮೈಯೆಲ್ಲ ಬಲ ಹಾಕಿ ಬಿಗಿದಿದ್ದರು. ಕಾರ್ಬ್ಯುರೇಟರಿನ ಮೈ ಸತುವಿನ ಮಿಶ್ರಲೋಹ, ಉಕ್ಕಲ್ಲ. ಬಿಗಿದಷ್ಟೂ ಅದರ ಕಿವಿಗಳು ಬಗ್ಗುತ್ತವೆ, ನಡುವೆ ಬಿಲ್ಲಿನಂತೆ ಸಂದು ಬೀಳುತ್ತದೆ. ಸಂದಿಗೆ ಪ್ಯಾಕಿಂಗು ದಪ್ಪ ಹಾಕಿ ಮತ್ತೆ ಬಿಗಿಯುತ್ತಾರೆ, ಇನ್ನೂ ಬಗ್ಗುತ್ತದೆ. ಮಿಸ್ತ್ರಿ ದಪ್ಪ ಗಾಜಿನ ಹಲಗೆಯ ಮೇಲೆ ಎಮರಿ ಕಾಗದ ಹಾಸಿ, ಬುಡವನ್ನು ಎಂಟರ ಆಕಾರದಲ್ಲಿ ತಿಕ್ಕತೊಡಗಿದ. ಮುಕ್ಕಾಲು ಗಂಟೆ ತಿಕ್ಕಿದ. ನಡುನಡುವೆ ಎತ್ತಿ ಬೆಳಕಿಗೆ ಹಿಡಿದು ನೋಡುವುದು, ಮತ್ತೆ ತಿಕ್ಕುವುದು. ಮಾಸ್ತರು ಎರಡು ಚಹ ಕುಡಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಬಟರ್‌ಫ್ಲೈಯ ಸರಳನ್ನು ಹಿಡಿದು ಅಲುಗಿಸಿದಾಗ ಅದು ತನ್ನ ತೂತಿನಲ್ಲಿ ಟಕಟಕ ಎಂದಿತು. ಸಾವಿರಾರು ಸಲ ಒಂದೇ ಕಡೆಗೆ ಎಳೆಸಿಕೊಂಡ ಸರಳು ಮೆತ್ತನೆಯ ಮೈಯ ತೂತನ್ನು ಮೊಟ್ಟೆಯಾಕಾರ ಮಾಡುತ್ತದೆ. ಅಲ್ಲಿಂದಲೂ ಗಾಳಿ. ಇದಕ್ಕೆ ಮದ್ದು ಹಿತ್ತಾಳೆಯ ಬುಷ್. ತೂತನ್ನು ಹಿಗ್ಗಿಸಿ ಬುಷ್ ಕೂರಿಸುವುದು ಟರ್ನರ್ ಕೆಲಸ. ಎರಡೂ ಬದಿಯ ತೂತು ಒಂದೇ ನೇರಕ್ಕೆ ಬಾರದಿದ್ದರೆ ಸರಳು ತಿರುಗುವುದೇ ಇಲ್ಲ. ಆಮೇಲೆ ತಗಡನ್ನು ಮತ್ತೆ ಜೋಡಿಸುವ ಸೂಕ್ಷ್ಮ. ನೋಡಲು ದುಂಡಗಿದ್ದರೂ ಅನೇಕ ಬಟರ್‌ಫ್ಲೈಗಳು ಪೂರಾ ದುಂಡಲ್ಲ. ಮುಚ್ಚಿದಾಗ ತುಸು ಓರೆಯಾಗಿ ಕೂರುವಂತೆ ಅಂಚು ಕೊರೆದಿರುತ್ತಾರೆ. ಉಲ್ಟಾ ಹಾಕಿದರೆ ಗೋಡೆಗೆ ಕಚ್ಚಿಕೊಳ್ಳುತ್ತದೆ, ಗಾಡಿ ಓಡುವಾಗ ಅಲ್ಲೇ ಸಿಕ್ಕಿಬೀಳುತ್ತದೆ. ಮಿಸ್ತ್ರಿ ಎರಡು ಸಣ್ಣ ಸ್ಕ್ರೂಗಳನ್ನು ಸಡಿಲವಾಗಿಟ್ಟು, ತಗಡನ್ನು ಪೂರ್ತಿ ಮುಚ್ಚಿ ತಾನಾಗಿ ನಡುಮಧ್ಯ ಕೂರಲು ಬಿಟ್ಟ; ಸೂರ್ಯನ ಕಡೆ ಹಿಡಿದು ಸುತ್ತಲೂ ಒಂದೇ ಸಮನಾದ ಬೆಳಕಿನ ಉಂಗುರ ಕಂಡ ಮೇಲೆ ಬಿಗಿದ. ಬಿಗಿದು ಸ್ಕ್ರೂಗಳ ಬಾಲವನ್ನು ಚಪ್ಪಟೆ ಮಾಡಿದ. ಅವು ಬಿಚ್ಚಿದರೆ ನೇರ ಎಂಜಿನಿನ ಹೊಟ್ಟೆಗೇ ಬೀಳುತ್ತವೆ.

ಸ್ಲೋ ಸ್ಕ್ರೂ ಮುಟ್ಟಿದ್ದು ಎಲ್ಲಕ್ಕೂ ಕೊನೆಗೆ, ಎಂಜಿನು ಚೆನ್ನಾಗಿ ಕಾದ ಮೇಲೆ. ನಿಮಿಷಕ್ಕೆ ಏಳೆಂಟು ನೂರು ಸುತ್ತಿಗೆ ಅದು ಕೂತಿತು. ಒಂದು ಮಾತು ಬಿಟ್ಟುಹೋಯಿತು: ಡಿಸ್ಟ್ರಿಬ್ಯೂಟರಿನ ಟೈಮಿಂಗ್ ಹೆಚ್ಚು ಮುಂದಕ್ಕೆ ಹೋಗಿದ್ದರೂ, ಅದರೊಳಗಿನ ಪುಟ್ಟ ತೂಕಗಳು ತುಕ್ಕು ಹಿಡಿದು ವಾಪಸು ಬಾರದಿದ್ದರೂ ಸ್ಲೋ ಏರುತ್ತದೆ. ಗಾಳಿಯ ದಾರಿಗಳೆಲ್ಲ ಸರಿ ಇದ್ದರೆ ಅದನ್ನು ನೋಡಬೇಕು.

ಸ್ಲೋ ಏರಿದರೆ ಪೆಟ್ರೋಲು ದಂಡ, ಗೇರು ಹಾಕಿದಾಗ ಕಟಕಟ, ಇದನ್ನು ಸಹಿಸಬಹುದು. ಆದರೆ ಓಡುವಾಗ ಥ್ರಾಟಲ್ ಸಿಕ್ಕಿಕೊಳ್ಳುವುದು ಬೇರೆಯೇ ಮಾತು. ಆಂಬೋಲಿ ಘಾಟಿನ ಇಳಿಜಾರಿನಲ್ಲಿ, ಮಂಜು ಕವಿದ ಆಷಾಢದಲ್ಲಿ, ಕಾಲು ತೆಗೆದರೂ ಗಾಡಿ ಏರುದನಿಯಲ್ಲೇ ಹೊರಟರೆ ಏನಾದೀತು ಊಹಿಸಿ. ಅಂಥ ಗಳಿಗೆಯಲ್ಲಿ ಬಗ್ಗಿ ಪೆಡಲನ್ನು ಕೈಯಿಂದ ಎಳೆಯಲು ಹೋಗಬಾರದು. ಕ್ಲಚ್ ಒತ್ತಿ, ಗೇರನ್ನು ನ್ಯೂಟ್ರಲಿಗೆ ತಂದು, ಬ್ರೇಕನ್ನು ಒಂದೇ ಸಲ ಗಟ್ಟಿಯಾಗಿ ಹಿಡಿಯಬೇಕು. ಎಂಜಿನು ಕಿರುಚುತ್ತದೆ, ಕಿರುಚಲಿ. ಬ್ರೇಕನ್ನು ಮತ್ತೆ ಮತ್ತೆ ಪಂಪು ಮಾಡಬೇಡಿ. ಬ್ರೇಕಿಗೆ ನೆರವಾಗುವ ಬೂಸ್ಟರ್ ಇರುವ ಗಾಡಿಗಳಲ್ಲಿ ಥ್ರಾಟಲ್ ತೆರೆದಿದ್ದಾಗ ನಿರ್ವಾತ ಕಡಿಮೆ, ಇದ್ದದ್ದೂ ಎರಡು ಮೂರು ಸಲಕ್ಕೆ ಮುಗಿಯುತ್ತದೆ. ಬದಿಗೆ ನಿಂತ ಮೇಲೆ ಎಂಜಿನು ಆರಿಸಿ. ಓಡುವಾಗಲೇ ಕೀಲಿಯನ್ನು ಪೂರಾ ಹೊರಗೆಳೆದರೆ ಸ್ಟಿಯರಿಂಗಿಗೆ ಬೀಗ ಬೀಳುವ ಗಾಡಿಗಳುಂಟು.

ಇದು ನಮ್ಮ ಹಳೆಯ ಗಾಡಿಗಳ ಪೀಡೆ ಮಾತ್ರವೆಂದು ತಿಳಿಯಬೇಡಿ. ಅಮೆರಿಕದಲ್ಲಿ 1971ರ ಡಿಸೆಂಬರಿನಲ್ಲಿ ಜನರಲ್ ಮೋಟರ್ಸ್ ಕಂಪನಿ ಸುಮಾರು 67 ಲಕ್ಷ ಗಾಡಿಗಳನ್ನು ವಾಪಸು ಕರೆಯಿಸಿತು. ಎಂಜಿನಿನ ಕೆಳಗಿನ ರಬ್ಬರ್ ಮೌಂಟಿಂಗ್ ಮುರಿದರೆ ಎಂಜಿನು ಮೇಲಕ್ಕೆದ್ದು ಥ್ರಾಟಲಿನ ಸರಳನ್ನು ಎಳೆದು ಹಿಡಿಯುತ್ತಿತ್ತು. 1973ರ ಸೆಪ್ಟೆಂಬರಿನಿಂದ ಆ ದೇಶದಲ್ಲಿ ಒಂದು ನಿಯಮ ಜಾರಿಗೆ ಬಂತು: ಬಟರ್‌ಫ್ಲೈಯನ್ನು ಹಿಂದಕ್ಕೆ ತರುವ ಶಕ್ತಿ ಎರಡು ಕಡೆಯಿಂದ ಇರಬೇಕು, ಒಂದು ಮುರಿದರೂ ಇನ್ನೊಂದು ಅದನ್ನು ಮುಚ್ಚಬೇಕು. ಎರಡು ಸ್ಪ್ರಿಂಗು, ಅಷ್ಟೆ. ನಮ್ಮ ಕಡೆಯ ಬಹಳಷ್ಟು ಹಳೆಯ ಗಾಡಿಗಳಲ್ಲಿ ಇರುವುದು ಒಂದೇ. ಎರಡನೆಯದನ್ನು ಹಾಕಿಸಿಕೊಂಡವರು ಜಾಣರು. ಸ್ಪ್ರಿಂಗು ಸೋತಿತೆಂದು ರಬ್ಬರ್ ಬ್ಯಾಂಡ್ ಬಿಗಿದು ಓಡಿಸುವವರನ್ನೂ ನೋಡಿದ್ದೇನೆ, ಅವರ ಬಗ್ಗೆ ಏನು ಹೇಳಲಿ. ಅಷ್ಟೆಲ್ಲ ಆದ ಮೇಲೂ 2010ರ ಜನವರಿಯಲ್ಲಿ ಟೊಯೊಟಾ ಕಂಪನಿ ಪೆಡಲು ಸಿಕ್ಕಿಕೊಳ್ಳುವ ದೋಷಕ್ಕಾಗಿ ಅಮೆರಿಕವೊಂದರಲ್ಲೇ ಸುಮಾರು 23 ಲಕ್ಷ ಗಾಡಿಗಳನ್ನು ಕರೆಸಬೇಕಾಯಿತು.

ಕಾರ್ಬ್ಯುರೇಟರ್ ಕಾಲ ಮುಗಿಯಿತು. 2000ದಿಂದೀಚೆಗೆ ಹೊಗೆಯ ನಿಯಮಗಳು ಬಿಗಿಯಾದಂತೆ ಕಾರುಗಳಿಗೆ ಇಂಜೆಕ್ಷನ್ ಬಂತು, 2020ರ ಬಿ.ಎಸ್. 6 ನಿಯಮದೊಡನೆ ಮೋಟಾರ್‌ಸೈಕಲ್‌ಗಳಿಂದಲೂ ಕಾರ್ಬ್ಯುರೇಟರ್ ಮಾಯವಾಯಿತು. ಈಗ ಪೆಟ್ರೋಲಿನ ಲೆಕ್ಕ ಹಾಕುವುದು ಕಂಪ್ಯೂಟರು. ಆದರೆ ಬಾನೆಟ್ ಎತ್ತಿ ಹುಡುಕಿದರೆ ಆ ಹಿತ್ತಾಳೆ ತಗಡಿನ ಮೊಮ್ಮಗ ಇಂದಿಗೂ ಅಲ್ಲೇ ಇದ್ದಾನೆ. ಥ್ರಾಟಲ್ ಬಾಡಿ ಎಂದು ಹೆಸರು. ಅದರ ಅಂಚಿಗೂ ಅದೇ ಕಪ್ಪು ಅಂಟು ಕೂರುತ್ತದೆ, ಅದರ ಬುಡದಿಂದಲೂ ಕಳ್ಳಗಾಳಿ ನುಗ್ಗುತ್ತದೆ. ಸ್ಕ್ಯಾನರ್ ಹಚ್ಚಿ ನೂರು ಅಂಕಿ ಓದಿದ ಹುಡುಗನೂ ಕೊನೆಗೆ ಕೇಳಬೇಕಾದದ್ದು ಅದೇ ಮಾತು: ಗಾಳಿ ಎಲ್ಲಿಂದ?

ಪೆಟ್ರೋಲಿನ ಗುಣವೂ ಬದಲಾಗಿದೆ, ಮತ್ತು ಇದರಲ್ಲಿ ನಮ್ಮ ಸೀಮೆಯ ಪಾತ್ರ ದೊಡ್ಡದು. ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಎಥನಾಲ್ ತೆಗೆದು ಪೆಟ್ರೋಲಿಗೆ ಬೆರೆಸುವ ಪ್ರಯೋಗ 2001ರಲ್ಲಿ ಶುರುವಾದ ಮೂರು ಕಡೆಗಳಲ್ಲಿ ನೆರೆಯ ಮಿರಜವೂ ಒಂದು. 2003ರಲ್ಲಿ ಒಂಬತ್ತು ರಾಜ್ಯಗಳಿಗೆ ಹಬ್ಬಿತು, 2022ರಲ್ಲಿ ಪ್ರಮಾಣ ನೂರಕ್ಕೆ ಹತ್ತು ಮುಟ್ಟಿತು, 2025ರಲ್ಲಿ ಇಪ್ಪತ್ತಾಯಿತು. ಕಬ್ಬು ಬೆಳೆಯುವ ರೈತನಿಗೆ ಇದು ಒಳ್ಳೆಯ ಸುದ್ದಿ, ಅದರಲ್ಲಿ ಎರಡು ಮಾತಿಲ್ಲ. ಹಳೆಯ ಕಾರ್ಬ್ಯುರೇಟರಿಗೆ ಮಾತ್ರ ಕಷ್ಟ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ಕಾಲದ ರಬ್ಬರನ್ನೂ ಬೆಂಡಿನ ಪ್ಯಾಕಿಂಗನ್ನೂ ಮೆತ್ತಗೆ ಮಾಡುತ್ತದೆ. ಸತುವಿನ ಮೈಗೆ ಬಿಳಿ ಬೂಷ್ಟು ತರುತ್ತದೆ. ಟಾಕಿಯ ತಳದ ಹಳೆಯ ಜಿಡ್ಡನ್ನು ಕರಗಿಸಿ ಜೆಟ್ಟಿಗೆ ತಂದು ಸಿಕ್ಕಿಸುತ್ತದೆ. ಅದು ಉರಿಯಲು ಗಾಳಿ ಕಡಿಮೆ ಸಾಕು. ಆದ್ದರಿಂದ ಶುದ್ಧ ಪೆಟ್ರೋಲಿಗೆಂದು ಕೊರೆದ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಬುಡದಲ್ಲಿ ಕಳ್ಳಗಾಳಿಯೂ ಇದ್ದರೆ ಇನ್ನಷ್ಟು ತೆಳು. ಆಗ ಸ್ಲೋ ಒಮ್ಮೆ ಏರುತ್ತದೆ, ಒಮ್ಮೆ ಆರುವಂತಾಗುತ್ತದೆ. ಜನ ಪೆಟ್ರೋಲ್ ಪಂಪಿನವನನ್ನು ಬಯ್ಯುತ್ತಾರೆ.

ಹಳೆಯ ಗಾಡಿ ಇಟ್ಟುಕೊಂಡವರಿಗೆ ಸರಕಾರ ಒಂದು ಬಾಗಿಲು ತೆರೆದಿದೆ. 2021ರ ಜುಲೈಯ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಖಾಸಗಿ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ನಂಬರಿನಲ್ಲಿ ವಿ.ಎ. ಎಂಬ ಅಕ್ಷರಗಳು ಬರುತ್ತವೆ. ಆದರೆ ದಿನನಿತ್ಯ ಓಡಿಸುವಂತಿಲ್ಲ. ಹೀಗೆ ತಿಂಗಳುಗಟ್ಟಲೆ ನಿಲ್ಲುವ ಗಾಡಿಗೇ ಬಟರ್‌ಫ್ಲೈ ಅಂಟಿಕೊಳ್ಳುವ ರೋಗ ಹೆಚ್ಚು, ಏಕೆಂದರೆ ತೊಟ್ಟಿಯಲ್ಲಿ ಉಳಿದ ಪೆಟ್ರೋಲು ಆರಿ ಬರಿಯ ಅಂಟು ಉಳಿಯುತ್ತದೆ. ನಿಮ್ಮಲ್ಲಿ ಅಂಥ ಗಾಡಿ ಇದ್ದರೆ, ನಿಲ್ಲಿಸುವ ದಿನ ಪಂಪಿಗೆ ಬರುವ ಪೆಟ್ರೋಲಿನ ಪೈಪು ಬಿಡಿಸಿ ಬಾಯಿ ಮುಚ್ಚಿಡಿ. ಆಮೇಲೆ ತೊಟ್ಟಿ ಖಾಲಿಯಾಗಿ ಎಂಜಿನು ತಾನಾಗಿ ಆರುವವರೆಗೆ ಬಯಲಿನಲ್ಲಿ ಓಡಲು ಬಿಡಿ. ಮತ್ತೆ ಹೊರತೆಗೆಯುವ ದಿನ ಕೀಲಿ ತಿರುಗಿಸುವ ಮೊದಲು ಬಾನೆಟ್ ಎತ್ತಿ, ಆ ತೋಳನ್ನು ಕೈಯಿಂದಲೇ ಪೂರ್ತಿ ತೆರೆದು ಬಿಟ್ಟು ನೋಡಿ. ಟಕ್ ಎಂದು ಸ್ಕ್ರೂವಿಗೆ ಬಂದು ಬಡಿದರೆ ಗಾಡಿ ಚಾಲೂ ಮಾಡಿ. ಮೆಲ್ಲಗೆ ತೆವಳುತ್ತ ಬಂದರೆ ಅಂದು ಹೊರಡುವುದು ಬೇಡ.